ಮೈದಾನ ಬಿಟ್ಟ ಕೋಚ್: 2023ರ ಕಂಠೀರವ ಪಂದ್ಯ ಮತ್ತು ಒಂದು ವಾದ

ನಮ್ಮೂರು ನಾಟ್ರಾಂಪಾಳ್ಯ. ತಮಿಳುನಾಡಿನಲ್ಲಿದ್ರೂ ನನ್ನ ಗೆಳೆಯರ ಗುಂಪಿಗೆ ಫುಟ್‌ಬಾಲ್ ಅಂದ್ರೆ ಬೆಂಗಳೂರು ತಂಡವೇ. ನಮ್ಮಲ್ಲಿ ಇನ್ನೂ ಮುಗಿಯದ ಒಂದು ವಾದದಿಂದ ಶುರು ಮಾಡ್ತೀನಿ.

2023ರ ಮಾರ್ಚ್ 3, ಕಂಠೀರವ ಕ್ರೀಡಾಂಗಣ. ಐಎಸ್‌ಎಲ್ ನಾಕೌಟ್ ಪಂದ್ಯದ 90 ನಿಮಿಷ ಗೋಲಿಲ್ಲದೆ ಮುಗಿದಿತ್ತು. ಹೆಚ್ಚುವರಿ ಅವಧಿಯಲ್ಲಿ, ಕೇರಳ ಬ್ಲಾಸ್ಟರ್ಸ್ ಆಟಗಾರರು ಸಾಲಾಗಿ ತಡೆಗೆ ನಿಲ್ಲೋ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೋವಿಚ್ ಸಿಟ್ಟಿಗೆದ್ದು ತಂಡವನ್ನೇ ಹೊರಗೆ ಕರೆದರು. ಗೆಲುವು ಬೆಂಗಳೂರಿಗೆ, ಆಮೇಲೆ ಕೋಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ, ಕ್ಲಬ್‌ಗೆ 4 ಕೋಟಿ ದಂಡ.

‘ಹುಡುಗರ ಮಾನ ಉಳಿಸಿದ’ ಅಂತ ನಮ್ಮಲ್ಲಿ ಕೆಲವರು. ‘ಹುರುಪು ತುಂಬಬೇಕಾದವನೇ ಕೈಚೆಲ್ಲಿದ’ ಅಂತ ಉಳಿದವರು.

ನನಗೆ ಕುಮಾರವ್ಯಾಸನ ವಿರಾಟಪರ್ವ ನೆನಪಾಗುತ್ತೆ. ರಣರಂಗದಿಂದ ಓಡಿದ ಉತ್ತರನನ್ನು ಬೃಹನ್ನಳೆಯ ವೇಷದ ಅರ್ಜುನ ಹಿಡಿದು ರಥಕ್ಕೆ ತರ್ತಾನೆ. ಉತ್ತರ ಓಡಿದ್ದು ಭಯಕ್ಕೆ, ಈ ತಂಡ ಹೊರಟಿದ್ದು ಅನ್ಯಾಯವಾಯ್ತು ಅನ್ನೋ ಸಿಟ್ಟಿಗೆ. ಎರಡೂ ಒಂದಲ್ಲ, ಒಪ್ತೀನಿ. ಆದರೆ ಇನ್ನೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಆಟ ಬಾಕಿ ಇತ್ತು. ಸಮ ಮಾಡೋ ಆ ಅವಕಾಶ ಕಿತ್ತುಕೊಂಡಿದ್ದು ರೆಫರಿಯಲ್ಲ, ಅವರ ಕೋಚೇ. ಬೆಂಗಳೂರಿನ ಅಭಿಮಾನಿಯಾದ ನನಗೂ ಅದು ಪೂರ್ತಿ ಗೆಲುವು ಅನ್ನಿಸಿಲ್ಲ.