ವಾಡಿಯ ಹಾದಿ: ಮಹಾಮಾರಿಯ ಕಾಲದ ಭೀತಿಯೂ ಪ್ರಯಾಣವೂ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ವಾಡಿ ನಿಲ್ದಾಣದ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. 1871ರಲ್ಲಿ ಮುಂಬಯಿ, ಮದರಾಸುಗಳ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ವ್ಯಾಪಾರಿಗಳೂ ವಿದ್ಯಾರ್ಥಿಗಳೂ ಕಕ್ಷಿದಾರರೂ ಬಂದ ಈ ಹಾದಿಯಲ್ಲಿಯೇ ರೋಗದ ಭಯವೂ ಬಂದಿತು. ಮಹಾಮಾರಿಯ ಕಾಲದಲ್ಲಿ ಜನರು ಪ್ರಯಾಣಕ್ಕೆ ಅಂಜುವರೆಂಬುದು ರೂಢಿಯ ನಂಬಿಕೆ. ಚರಿತ್ರೆಯನ್ನು ನೋಡಿದರೆ ಆ ಮಾತು ಅರ್ಧ ಮಾತ್ರವೇ ನಿಜವೆಂದು ತೋರುತ್ತದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಜನರು ಮನೆಯಲ್ಲಿ ಅಡಗಿ ಕುಳಿತುಕೊಳ್ಳಲಿಲ್ಲ. ಲಕ್ಷಾಂತರ ಮಂದಿ ಊರನ್ನೇ ಬಿಟ್ಟು ಹೊರಟರು. ರೈಲೇರಿ ಹೊರಟವರ ಸಂಗಡ ಬೇನೆಯೂ ಹೊರಟಿತು. 1898ರಲ್ಲಿ ಅದು ಹುಬ್ಬಳ್ಳಿಯನ್ನು ಹಾಳುಗೆಡವಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಹೀಗೆ ಹೊರಡಿಸಿದ್ದು ಭೀತಿಯೇ ಆದರೂ, ಅದು ರೋಗವೊಂದರದೇ ಭೀತಿಯಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಬ್ರಿಟಿಷ್ ಇಂಡಿಯಾದಲ್ಲಿ ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ, ಶಂಕಿತರನ್ನು ಬೇರ್ಪಡಿಸಿ ಇಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ನಿಲ್ದಾಣದಲ್ಲಿ ಅಪರಿಚಿತ ವೈದ್ಯನು ಕಂಕುಳು, ತೊಡೆಯ ಸಂದುಗಳನ್ನು ಮುಟ್ಟಿ ನೋಡುವುದು ಮರಣಕ್ಕಿಂತ ಹೆಚ್ಚಿನ ಅವಮಾನವೆಂದು, ಅದರಲ್ಲಿಯೂ ಹೆಂಗಸರಿದ್ದ ಕುಟುಂಬಗಳು, ಭಾವಿಸಿದವು. ತಪಾಸಣೆಯ ನಿಲ್ದಾಣಕ್ಕೆ ಮೊದಲೇ ಇಳಿದು ಕಾಲುದಾರಿ ಹಿಡಿದವರುಂಟು. ಸೋಂಕಿದ ಊರಿನಿಂದ ಬಂದವರಿಗೆ ಪ್ಲೇಗು ರಹದಾರಿಯನ್ನು ಕೊಟ್ಟು, ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗುವಂತೆ ವಿಧಿಸುತ್ತಿದ್ದರು. ಬಚ್ಚಿಟ್ಟ ಪ್ರಯಾಣವು ಬಹಿರಂಗ ಪ್ರಯಾಣಕ್ಕಿಂತ ಅಪಾಯಕರವೆಂಬುದನ್ನು ಸರಕಾರವು ತಿಳಿದುಕೊಳ್ಳುವ ಹೊತ್ತಿಗೆ ಬಹಳ ಹಾನಿಯಾಗಿತ್ತು. ಬ್ಯಾಂಕಿನ ಕೆಲಸದಲ್ಲಿರುವ ನನಗೆ ಇದು ಅಚ್ಚರಿಯಲ್ಲ: ಹಣ ಕೊಡುವುದಿಲ್ಲವೆಂಬ ವದಂತಿ ಹಬ್ಬಿದ ದಿನವೇ ಠೇವಣಿದಾರರು ಬಾಗಿಲಿಗೆ ಮುತ್ತುವುದು.

ಹಳ್ಳಿಗರ ಮಾರ್ಗವು ಇದಕ್ಕಿಂತ ವಿವೇಕದ್ದಾಗಿತ್ತು. ಇಲಿ ಬಿದ್ದಿತೆಂದರೆ ಊರು ಖಾಲಿಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇದೂ ಪ್ರಯಾಣವೇ, ಆದರೆ ಕೂಗಳತೆಯದು.

ಹೈದರಾಬಾದು ನಗರಕ್ಕೆ 1908ರ ಮೂಸಿ ಪ್ರವಾಹದ ಬೆನ್ನಿಗೇ 1911ರಲ್ಲಿ ಪ್ಲೇಗು ಬಂದಿತು. 1912ರಲ್ಲಿ ನಗರ ಸುಧಾರಣಾ ಮಂಡಳಿಯು ಸ್ಥಾಪಿತವಾದುದಕ್ಕೆ ಈ ಎರಡು ವಿಪತ್ತುಗಳೂ ಕಾರಣ. 1918ರ ಇನ್‌ಫ್ಲುಯೆಂಜಾದ ಕಾಲದಲ್ಲಿಯಾದರೋ ರೈಲುಗಳು ಓಡುತ್ತಲೇ ಇದ್ದವು.

ಈ ಹಾದಿಯು ಮತ್ತೆ ಸುದ್ದಿಗೆ ಬಂದುದು 2020ರಲ್ಲಿ. ಸೌದಿ ಅರೇಬಿಯದಿಂದ ಮರಳಿದ್ದ ಕಲಬುರಗಿಯ ವೃದ್ಧರೊಬ್ಬರನ್ನು ಚಿಕಿತ್ಸೆಗಾಗಿ ಹೈದರಾಬಾದಿಗೆ ಕರೆತಂದು ಹಿಂದಿರುಗಿ ಒಯ್ಯುವಾಗ, ಮಾರ್ಚ್ 10ರಂದು ದಾರಿಯಲ್ಲಿಯೇ ಅವರು ತೀರಿಕೊಂಡರು. ದೇಶದ ಮೊದಲನೆಯ ಕೊರೋನಾ ಮರಣವದು. ತಲೆಮಾರುಗಳಿಂದ ನಮ್ಮವರು ಒಳ್ಳೆಯ ಔಷಧವನ್ನರಸಿ ಬಂದ ಹಾದಿ ಕೆಲವೇ ದಿನಗಳಲ್ಲಿ ಅನುಮಾನದ ಹಾದಿಯಾಯಿತು. ಆ ಮಾರ್ಚಿನಲ್ಲಿಯೇ ಕರ್ನಾಟಕ, ತೆಲಂಗಾಣ ಎರಡು ಸರಕಾರಗಳೂ 1897ರ ಅದೇ ಕಾಯಿದೆಯ ಮೇರೆಗೆ ನಿಯಮಗಳನ್ನು ಹೊರಡಿಸಿದವು. ಮಾರ್ಚ್ 25ರಿಂದ ದೇಶವೇ ಸ್ತಬ್ಧವಾಯಿತು. ರಹದಾರಿಯು ಇ-ಪಾಸಿನ ರೂಪದಲ್ಲಿ ಮರಳಿ ಬಂದಿತು.

ಮೇ 1ರ ನಸುಕಿನಲ್ಲಿ ಲಿಂಗಂಪಲ್ಲಿಯಿಂದ ಜಾರ್ಖಂಡದ ಹಟಿಯಾಕ್ಕೆ ಸುಮಾರು 1,200 ಕೂಲಿಕಾರರನ್ನು ಹೊತ್ತ 24 ಡಬ್ಬಿಗಳ ರೈಲು ಹೊರಟಿತು. ಲಾಕ್‌ಡೌನಿನಲ್ಲಿ ವಲಸೆಗಾರರಿಗಾಗಿ ಓಡಿದ ಮೊದಲನೆಯ ವಿಶೇಷ ರೈಲು ಅದು. ಸೋಂಕಿಗೆ ಅಂಜಿ ಉಳ್ಳವರು ಬಾಗಿಲು ಮುಚ್ಚಿಕೊಂಡಿದ್ದಾಗ ಇವರು ಪ್ರಯಾಣಕ್ಕಾಗಿ ಹಾತೊರೆದುದನ್ನು ಅಜ್ಞಾನವೆಂದವರುಂಟು. ನಾನು ಒಪ್ಪಲಾರೆ. ಬ್ಯಾಂಕುಗಳು ಆಗ ತೆರೆದಿದ್ದವು. ಆ ವಾರದಲ್ಲಿ ಯಾದಗಿರಿಯ ಕಡೆಯ ಕಟ್ಟಡ ಕೆಲಸಗಾರನೊಬ್ಬನು ಖಾತೆಯಲ್ಲಿದ್ದುದನ್ನೆಲ್ಲ ತೆಗೆಯಲು ಬಂದನು. ನಾನು ಕನ್ನಡದಲ್ಲಿಯೇ, ದಾರಿಯಲ್ಲಿ ಬೇನೆ ಹತ್ತಿದರೇನು ಗತಿಯೆಂದು ಕೇಳಿದೆ. ಅವನು ನೋಟುಗಳನ್ನು ಎಣಿಸುತ್ತಲೇ, "ಬ್ಯಾನಿಗಿಂತ ಬಾಡಿಗೀದೇ ಅಂಜಿಕಿ ಆಗ್ಯದರಿ ಸಾಹೇಬ್ರ" ಎಂದನು.