ಗ್ರಂಥಾಲಯ ಶಾಸ್ತ್ರದ ಸ್ನಾತಕೋತ್ತರ ಪದವಿ: ಅದರ ಉಗಮವನ್ನು ಕುರಿತ ಕೆಲವು ವಿಚಾರಗಳು

ಬಿ.ಎ. ಪದವಿಯನ್ನು ಪಡೆದ ವಿದ್ಯಾರ್ಥಿಯು ಇತಿಹಾಸದಲ್ಲಿ ವ್ಯಾಸಂಗವನ್ನು ಮುಂದುವರಿಸಿದರೆ ಎರಡು ವರ್ಷಗಳಲ್ಲಿ ಎಂ.ಎ. ಆಗುತ್ತಾನೆ. ಗ್ರಂಥಾಲಯ ಶಾಸ್ತ್ರವನ್ನು ಆರಿಸಿಕೊಂಡವನ ಮಾರ್ಗವು ಬಹುಕಾಲ ಬೇರೆಯಾಗಿದ್ದಿತು. ಆತನು ಒಂದು ವರ್ಷ ಓದಿ ಮತ್ತೊಮ್ಮೆ ಸ್ನಾತಕನಾಗಬೇಕು. ಅನಂತರ ಇನ್ನೊಂದು ವರ್ಷ ಓದಿದರೆ ಸ್ನಾತಕೋತ್ತರ ಪದವಿ. ಕಾನೂನು ಮತ್ತು ಶಿಕ್ಷಣ ಶಾಸ್ತ್ರಗಳಲ್ಲಿಯೂ ಪದವೀಧರರು ಹೀಗೆ ಎರಡನೆಯ ಸಲ ಸ್ನಾತಕರಾಗುವುದುಂಟಷ್ಟೆ. ಆದರೆ ಅವು ವೃತ್ತಿಗಾಗಿ ಸಿದ್ಧಗೊಳಿಸುವ ಪದವಿಗಳೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಗ್ರಂಥಾಲಯ ಶಾಸ್ತ್ರವು ವೃತ್ತಿಯೋ ವಿದ್ಯೆಯೋ ಎಂಬ ಪ್ರಶ್ನೆಯು ಮಾತ್ರ ಅದರ ಹುಟ್ಟಿನಿಂದಲೂ ಬಗೆಹರಿಯದೆ ಉಳಿದಿದೆ. ಪದವಿಯ ಈ ವಿಚಿತ್ರ ರಚನೆಯು ಆ ಪ್ರಶ್ನೆಯ ಗುರುತೇ ಆಗಿದೆಯೆಂಬುದು ನಮ್ಮ ಅಭಿಪ್ರಾಯ.

ಮೆಲ್ವಿಲ್ ಡ್ಯೂಯಿಯು 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲಕರ ಶಾಲೆಯನ್ನು ತೆರೆದಾಗ ಅದು ವೃತ್ತಿಶಿಕ್ಷಣವೆಂಬ ಭಾವನೆಯೇ ಪ್ರಧಾನವಾಗಿದ್ದಿತು. ಅಲ್ಲಿಂದ ಆ ಪದ್ಧತಿಯು ಭಾರತಕ್ಕೆ ಬಂದಿತು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಕರೆಸಿಕೊಂಡ ವಿಲಿಯಂ ಬೋರ್ಡನ್ 1911ರಲ್ಲಿ ಅಲ್ಲಿ ತರಗತಿಯನ್ನು ಆರಂಭಿಸಿದರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಡ್ಯೂಯಿಯ ಶಿಷ್ಯನಾದ ಆಸಾ ಡಾನ್ ಡಿಕಿನ್ಸನ್ 1915ರಲ್ಲಿ ಪಾಠ ಹೇಳಿದನು. ಈ ಎರಡು ಕಡೆಗಳಲ್ಲಿಯೂ ನಡೆದುದು ಕೆಲಸ ಕಲಿಸುವ ಕಾರ್ಯವೇ.

ಈ ಸ್ಥಿತಿಯನ್ನು ಬದಲಿಸಿದವರು ಶಿಯಾಳಿ ರಾಮಾಮೃತ ರಂಗನಾಥನ್. ಅವರು ಗಣಿತದ ಎಂ.ಎ.; ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡ ಕೆಲವೇ ದಿನಗಳಲ್ಲಿ ಅವರಿಗೆ ಆ ಕೆಲಸವು ಬೇಸರವಾಯಿತು; ತಮ್ಮನ್ನು ಪಾಠಕ್ಕೆ ಮರಳಿ ಕರೆಸಿಕೊಳ್ಳಬೇಕೆಂದು ಪ್ರಾಂಶುಪಾಲರಲ್ಲಿ ಕೇಳಿಕೊಂಡರು. ಗ್ರಂಥಾಲಯದಲ್ಲಿ ಚಿಂತನೆಗೆ ವಿಷಯವೇ ಇಲ್ಲವೆಂದು ಅಂದು ತೋರಿದುದು ಅವರೊಬ್ಬರಿಗೇ ಅಲ್ಲ, ಅಂದಿನ ವಿದ್ಯಾವಂತರೆಲ್ಲರ ಎಣಿಕೆಯೂ ಅದೇ ಆಗಿದ್ದಿರಬೇಕು. ತರಬೇತಿಗಾಗಿ ಲಂಡನ್ನಿಗೆ ಹೋದ ಅವರು ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರ ಬಳಿ ವರ್ಗೀಕರಣವನ್ನು ಅಭ್ಯಾಸಮಾಡಿ, ಅನೇಕ ಗ್ರಂಥಾಲಯಗಳನ್ನು ಸಂದರ್ಶಿಸಿ, 1925ರಲ್ಲಿ ಬೇರೆಯೇ ಮನುಷ್ಯರಾಗಿ ಹಿಂದಿರುಗಿದರು. 1929ರಲ್ಲಿ ಮದರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ ಬೇಸಗೆಯ ಶಾಲೆಯು ಆರಂಭವಾಯಿತು. 1931ರಲ್ಲಿ ವಿಶ್ವವಿದ್ಯಾನಿಲಯವು ಅದನ್ನು ವಹಿಸಿಕೊಂಡಿತು; 1937ರಲ್ಲಿ ಅದು ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮ ಆಯಿತು. ಗಣಿತಜ್ಞನು ಬೇಡವೆಂದ ಕೆಲಸವು ಹದಿಮೂರು ವರ್ಷಗಳಲ್ಲಿ ಪದವೀಧರರ ವ್ಯಾಸಂಗವಿಷಯವಾಯಿತು.

ಇದರಲ್ಲಿ ಓದುವುದಕ್ಕೆ ಏನಿದೆ? ಇತಿಹಾಸದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಹಾಸ್ಯದ ಧಾಟಿಯಲ್ಲಿ ಕೇಳುವುದನ್ನು ನಾವು ಬಲ್ಲೆವು. ಒಂದು ಸಣ್ಣ ಉದಾಹರಣೆಯನ್ನು ಪರಿಶೀಲಿಸಬಹುದು. ಗ್ರಂಥಸೂಚಿಯಲ್ಲಿ ಲೇಖಕನನ್ನು ಯಾವ ಹೆಸರಿನ ಕೆಳಗೆ ನಮೂದಿಸಬೇಕು? ಪಾಶ್ಚಾತ್ಯ ಸಂಪ್ರದಾಯದಲ್ಲಿ ಕೊನೆಯ ಹೆಸರು ಮನೆತನದ್ದು; ಅದರ ಕೆಳಗೆ ಬರೆದರೆ ಸಾಕು. ಈಗ ನಮ್ಮವರನ್ನು ನೋಡೋಣ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಕೊನೆಯದು ಸ್ವಂತ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಸ್ವಂತ ಹೆಸರು ಮೊದಲು, ಮನೆತನದ ಹೆಸರು ಕೊನೆಗೆ. ಕೋಟ ಶಿವರಾಮ ಕಾರಂತರಲ್ಲಿ ಊರು, ಸ್ವಂತ ಹೆಸರು, ಮನೆತನ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂಬಲ್ಲಿ ಕೊನೆಯದು ಜಾತಿಸೂಚಕ. ಜನರೆಲ್ಲ ಅವರನ್ನು ಕರೆಯುವುದು ಊರಿನ ಹೆಸರಿನಿಂದ. ಇವುಗಳ ಮೇಲೆ ಕುವೆಂಪು, ಅಂಬಿಕಾತನಯದತ್ತ, ಶ್ರೀನಿವಾಸ ಎಂಬ ಕಾವ್ಯನಾಮಗಳು ಬೇರೆ. ಒಂದೇ ಭಾಷೆಯ ನಾಲ್ವರು ಸಮಕಾಲೀನರಿಗೆ ಒಂದೇ ಸೂತ್ರವು ಹೊಂದುವುದಿಲ್ಲ! ಸಂಶೋಧನೆಯ ಆರಂಭದ ದಿನಗಳಲ್ಲಿ ಈ ಲೇಖಕನು ಒಂದು ಗ್ರಂಥಾಲಯದ ಹಳೆಯ ಕಾರ್ಡುಗಳಲ್ಲಿ ಮಾಸ್ತಿಯವರನ್ನು ಮಕಾರದಲ್ಲಿ ಹುಡುಕಿ ಸೋತು, ಕೊನೆಗೆ ಅಕಾರದಲ್ಲಿ ನೂರಾರು ಅಯ್ಯಂಗಾರರ ನಡುವೆ ಕಂಡುಹಿಡಿದುದುಂಟು. ಕಾರ್ಡನ್ನು ಬರೆದವನು ನಿಯಮವನ್ನು ತಪ್ಪದೆ ಪಾಲಿಸಿದ್ದನು. ನಿಯಮವು ಬೇರೆಯವರ ಹೆಸರುಗಳಿಗಾಗಿ ಹುಟ್ಟಿದುದಾಗಿತ್ತು. ರಂಗನಾಥನ್ನರ ಹೆಸರಿನಲ್ಲಿಯೂ ಊರು, ತಂದೆ, ತಾವು ಎಂಬ ಕ್ರಮವೇ ಇದೆ. 1934ರಲ್ಲಿ ಅವರು ಪ್ರಕಟಿಸಿದ ಸೂಚೀಕರಣ ಸಂಹಿತೆಯ ಹಿಂದೆ ಈ ಅನುಭವವೂ ಇದ್ದಿತೆಂದು ಊಹಿಸುವುದು ತಪ್ಪಾಗಲಾರದು.

ವರ್ಗೀಕರಣದ ಸಮಸ್ಯೆಯು ಇನ್ನೂ ಆಳವಾದುದು. ಡ್ಯೂಯಿಯ ದಶಮಾಂಶ ಪದ್ಧತಿಯಲ್ಲಿ ಮತಧರ್ಮಗಳಿಗೆ ಮೀಸಲಾದ ಸ್ಥಾನಗಳಲ್ಲಿ ಬಹುಪಾಲು ಕ್ರೈಸ್ತ ಮತಕ್ಕೆ ಸಂದಿದ್ದು, ಉಳಿದವೆಲ್ಲವೂ ಒಂದು ಮೂಲೆಯಲ್ಲಿ ಇಕ್ಕಟ್ಟಾಗಿ ಕುಳಿತಿದ್ದವು. ರಂಗನಾಥನ್ನರು 1933ರ ದ್ವಿಬಿಂದು ವರ್ಗೀಕರಣದಲ್ಲಿ ಸಿದ್ಧವಾದ ಗೂಡುಗಳನ್ನೇ ಬಿಟ್ಟರು. ವಿಷಯವನ್ನು ಅದರ ಘಟಕಗಳಾಗಿ ಬಿಡಿಸಿ, ದೇಶ, ಕಾಲ ಮೊದಲಾದ ಮುಖಗಳನ್ನು ಗುರುತಿಸಿ, ಮತ್ತೆ ಜೋಡಿಸುವುದು ಅವರ ಕ್ರಮ. ಹದಿನೆಂಟನೆಯ ಶತಮಾನದ ಮೈಸೂರಿನ ನೀರಾವರಿಯನ್ನು ಕುರಿತ ಗ್ರಂಥವೊಂದಿದ್ದರೆ ಅದು ಕೃಷಿಯೋ ಇತಿಹಾಸವೋ ಎಂದು ಕಾದಾಡಬೇಕಾಗಿಲ್ಲ. ವಿಷಯ, ಸ್ಥಳ, ಶತಮಾನ ಮೂರೂ ಆ ಸಂಖ್ಯೆಯಲ್ಲಿಯೇ ಅಡಗಿರುತ್ತವೆ. ಇದು ಗುಮಾಸ್ತೆಯ ಕೆಲಸವಲ್ಲವೆಂದು ತೋರಿಸಲು ಇಷ್ಟು ಸಾಕು.

1947ರಲ್ಲಿ ರಂಗನಾಥನ್ನರು ಸರ್ ಮಾರಿಸ್ ಗ್ವೈಯರ್ ಅವರ ಆಹ್ವಾನದ ಮೇರೆಗೆ ದೆಹಲಿಗೆ ಹೋದರು. ಡಿಪ್ಲೊಮಾದ ಮೇಲೆ ಸ್ನಾತಕೋತ್ತರ ಪದವಿ, ಅದರ ಮೇಲೆ ಪಿಎಚ್.ಡಿ. ಎಂಬ ಪೂರ್ಣ ಸೋಪಾನವು ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಸಿದ್ಧವಾಯಿತು. ಆ ಸೋಪಾನದ ಕೊನೆಯ ಮೆಟ್ಟಿಲನ್ನು 1957ರಲ್ಲಿ ಏರಿದ ಮೊದಲಿಗರು ಡಿ. ಬಿ. ಕೃಷ್ಣರಾವ್, ಅವರ ವಿಷಯ ಕೃಷಿಶಾಸ್ತ್ರದ ವರ್ಗೀಕರಣ. ದೇಶದಲ್ಲಿ ಈ ಶಾಸ್ತ್ರದ ಎರಡನೆಯ ಪಿಎಚ್.ಡಿ. ಬಂದುದು 1977ರಲ್ಲಿ, ಪಂಜಾಬ್ ವಿಶ್ವವಿದ್ಯಾನಿಲಯದಿಂದ. ಮೆಟ್ಟಿಲುಗಳಿದ್ದರೂ ಇಪ್ಪತ್ತು ವರ್ಷಗಳ ಕಾಲ ಮೇಲಕ್ಕೆ ಹತ್ತಿದವರಿಲ್ಲ.

ಇಲ್ಲಿ ಸಂಬಳದ ಪ್ರಶ್ನೆಯನ್ನು ಮರೆಯಬಾರದು. ರಂಗನಾಥನ್ನರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 1957ರಲ್ಲಿ ನೇಮಿಸಿದ ಸಮಿತಿಯು ಗ್ರಂಥಪಾಲಕರಿಗೆ ಅಧ್ಯಾಪಕರಿಗೆ ಸಮನಾದ ಸ್ಥಾನಮಾನ ಮತ್ತು ವೇತನಗಳು ದೊರೆಯಬೇಕೆಂದು ಶಿಫಾರಸು ಮಾಡಿತು. ಸಮಾನತೆಗೆ ಸಮಾನ ಪದವಿಯು ಆಧಾರವಾಗಬೇಕಷ್ಟೆ. ಆದುದರಿಂದ ಸ್ನಾತಕೋತ್ತರ ಪದವಿಯು ಜ್ಞಾನದ ಅಳತೆಯಾಗಿದ್ದಂತೆಯೇ ಗೌರವದ ಸನ್ನದೂ ಆಗಿದ್ದಿತು. ಇದನ್ನು ದೋಷವೆಂದು ಹೇಳುವವರು ಅಧ್ಯಾಪಕರ ಎಂ.ಎ. ಪದವಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ಆದರೆ ಲಾಭದೊಡನೆ ನಷ್ಟವೂ ಇದೆ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು, ತಂಜಾವೂರಿನ ಪಂಡಿತರೊಬ್ಬರಿಂದ 1905ರಲ್ಲಿ ಅಲ್ಲಿಗೆ ಬಂದ ತಾಳೆಯೋಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಪುಸ್ತಕವಾಗಿ ಹೊರಬಂದು, ಪ್ರಾಚೀನ ಭಾರತದ ಇತಿಹಾಸವನ್ನೇ ಹೊಸದಾಗಿ ಬರೆಯಬೇಕಾಯಿತು. ಶಾಸ್ತ್ರಿಗಳು ಗ್ರಂಥಾಲಯ ಶಾಸ್ತ್ರದ ಯಾವ ಪರೀಕ್ಷೆಗೂ ಕುಳಿತವರಲ್ಲ; ಅವರು ಗ್ರಂಥದ ಒಳಗನ್ನು ಬಲ್ಲವರು. ಹೊಸ ಪದವೀಧರನು ಗ್ರಂಥದ ಸ್ಥಾನವನ್ನು ಬಲ್ಲವನು. ಮೊದಲು ಬೇರೊಂದು ವಿಷಯದಲ್ಲಿ ಪದವಿ, ಅನಂತರವೇ ಗ್ರಂಥಾಲಯ ಶಾಸ್ತ್ರ ಎಂಬ ನಿಯಮವು ಇವೆರಡನ್ನೂ ಒಬ್ಬನಲ್ಲಿಯೇ ಕೂಡಿಸುವ ಪ್ರಯತ್ನವೆಂದು ನಮಗೆ ತೋರುತ್ತದೆ. ಮೂರು ವರ್ಷಗಳ ಬಿ.ಎ. ಆ ಭಾರವನ್ನು ಹೊರಬಲ್ಲುದೇ ಎಂಬುದು ಬೇರೆ ಮಾತು.

ಕರ್ನಾಟಕದಲ್ಲಿ ಈ ಕಥೆಯು ತಡವಾಗಿ ಆರಂಭವಾದರೂ ವೇಗವಾಗಿ ಸಾಗಿತು. 1960ರ ದಶಕದಲ್ಲಿ ಧಾರವಾಡ ಮತ್ತು ಮೈಸೂರು ವಿಶ್ವವಿದ್ಯಾನಿಲಯಗಳಲ್ಲಿ ಈ ಶಿಕ್ಷಣವು ಮೊದಲಾಯಿತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ತರಬೇತಿ ಹೊಂದಿದವರ ಅವಶ್ಯಕತೆಯೂ ಹೆಚ್ಚಿತು. ಮುಂದೆ 2001ರಲ್ಲಿ ಅನುದಾನ ಆಯೋಗವು ದೇಶಕ್ಕೆಲ್ಲ ಮಾದರಿಯಾಗಿ ಹೊರಡಿಸಿದ ಪಠ್ಯಕ್ರಮದ ಸಮಿತಿಗೆ ಧಾರವಾಡದ ಪ್ರಾಧ್ಯಾಪಕರಾದ ಸಿ. ಆರ್. ಕರಿಸಿದ್ದಪ್ಪನವರೇ ಅಧ್ಯಕ್ಷರಾಗಿದ್ದರು. ಅಷ್ಟು ಹೊತ್ತಿಗೆ ಶಾಸ್ತ್ರದ ಹೆಸರಿಗೆ ‘ಮಾಹಿತಿ ವಿಜ್ಞಾನ’ ಎಂಬುದೂ ಸೇರಿ, ಎರಡು ಬಿಡಿ ವರ್ಷಗಳನ್ನು ಕೂಡಿಸಿ ಅಖಂಡವಾದ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವನ್ನಾಗಿ ಮಾಡುವ ಪದ್ಧತಿಯು ಹಲವೆಡೆ ಬಂದಿದ್ದಿತು.

ರಂಗನಾಥನ್ನರು ತಮ್ಮ ಕೊನೆಯ ವರ್ಷಗಳನ್ನು ಕಳೆದುದು ಬೆಂಗಳೂರಿನಲ್ಲಿ. 1972ರಲ್ಲಿ ಅವರು ತೀರಿಕೊಂಡುದೂ ಅಲ್ಲಿಯೇ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಅವರು ಆ ನಗರದಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವು ದೇಶದ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳನ್ನು ಸೆಳೆಯಿತು. ದೆಹಲಿಯಲ್ಲಿ ಸ್ನಾತಕೋತ್ತರ ಪದವಿಯನ್ನು ನೆಲೆಗೊಳಿಸಿದವರು ತಾವೇ ಕಟ್ಟಿದ ಈ ಕೇಂದ್ರದಲ್ಲಿ ಕೊಡುತ್ತಿದ್ದುದು ಪದವಿಯನ್ನಲ್ಲ, ‘ಅಸೋಸಿಯೇಟ್‌ಶಿಪ್’ ಎಂಬ ಪ್ರಮಾಣಪತ್ರವನ್ನು. ಅದರ ಸ್ಥಾನದಲ್ಲಿ ಸ್ನಾತಕೋತ್ತರ ಪದವಿಯು ಬಂದುದು 2008ರಲ್ಲಿ.