ಸಂದು ಮುಚ್ಚುವ ಪಟ್ಟಿ

ಬಾಗಲಕೋಟೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕಪಾಟು ಇರುತ್ತಿದ್ದದ್ದು ಗೋಡೆಯೊಳಗೆ. ದಪ್ಪ ಗೋಡೆ ಕಟ್ಟುವಾಗಲೇ ಮಾಡ ಬಿಟ್ಟು, ಬಡಿಗೇರರು ಅದಕ್ಕೆ ಸಾಗವಾನಿಯ ಚೌಕಟ್ಟು, ಬಾಗಿಲು ಕೂಡಿಸುತ್ತಿದ್ದರು. ಕುಂಟೆ, ಕೂರಿಗೆಗೆ ನಮ್ಮ ಕಡೆಯ ಜಾಲಿ ಸಾಕು. ಮನೆಗೆಲಸಕ್ಕೆ ದಾಂಡೇಲಿ, ಹಳಿಯಾಳದ ಕಡೆಯ ಮರ ಬೇಕು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ದಶಕಗಳ ಮೇಲೆ ಹಿನ್ನೀರು ಘಟಪ್ರಭೆಗುಂಟ ಊರಿಗೆ ಏರಿತು, ತಗ್ಗಿನ ಓಣಿಗಳು ಖಾಲಿಯಾದವು. ಮಣ್ಣು ಅಲ್ಲೇ ಉಳಿಯಿತು. ತೊಲೆ, ಕಂಬ, ಬಾಗಿಲು ಟ್ರ್ಯಾಕ್ಟರ್ ಏರಿ ನವನಗರಕ್ಕೆ ಬಂದವು. ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಕೂತು, ಅಡ್ಡ ಬಡಿದ ಬೆಣೆಯಿಂದ ಬಿಗಿಯಾಗಿದ್ದ ಕೆಲಸವದು. ಬೆಣೆ ಹೊಡೆದು ತೆಗೆದರೆ ಇಡೀ ಚೌಕಟ್ಟು ಸೀಳದೆ ಬಿಚ್ಚಿಕೊಳ್ಳುತ್ತದೆ.

ಕಿಲ್ಲಾ ಓಣಿಯ ನಮ್ಮ ಮನೆಯ ಅಂಥದೊಂದು ಕಪಾಟನ್ನು ಈಗ ಹಿತ್ತಲಿನ ಪತ್ರಾಸ್ ಶೆಡ್ಡಿನಲ್ಲಿ ಕೂಡಿಸುತ್ತಿದ್ದೇನೆ. ಬಂದದ್ದು ಮುಖ ಮಾತ್ರ, ಬೆನ್ನು ಪಕ್ಕೆಗಳೆಲ್ಲ ಗೋಡೆಯೇ ಆಗಿದ್ದವು. ಹೊಸದಾಗಿ ಬೆನ್ನು ಕೊಡಬೇಕು. ಹಲಗೆಗಳನ್ನು ಒತ್ತೊತ್ತಾಗಿ ಬಿಗಿದರೆ ಮಳೆಗಾಲದಲ್ಲಿ ಉಬ್ಬಿ ಒಂದನ್ನೊಂದು ದೂಡುತ್ತವೆ. ಅದಕ್ಕೆ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, ಮೇಲೊಂದು ಸಣ್ಣ ಪಟ್ಟಿ ಕೂಡಿಸಿ, ಮೊಳೆಯನ್ನು ಒಂದೇ ಹಲಗೆಗೆ ಹೊಡೆಯುತ್ತೇನೆ. ಇನ್ನೊಂದು ಹಲಗೆ ಪಟ್ಟಿಯ ಕೆಳಗೆ ತನ್ನಷ್ಟಕ್ಕೆ ಸರಿದಾಡಬೇಕು.

ಈ ಪಟ್ಟಿಯನ್ನು ನೋಡಬೇಕೆಂದರೆ ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗಿ ಲಾಡ್‌ಖಾನ್ ಗುಡಿಯ ಮಾಳಿಗೆ ನೋಡಬೇಕು. ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳು, ಅವುಗಳ ಸಂದುಸಂದಿಗೂ ಮರದ ತೊಲೆಯಂತೆ ಉದ್ದಕ್ಕೆ ಮಲಗಿಸಿದ ಕಲ್ಲಿನ ಪಟ್ಟಿಗಳು, ಮಳೆನೀರು ಒಳಗಿಳಿಯದಂತೆ. ಮರಗೆಲಸದ ಇಂಥ ಗುರುತು ಬಾದಾಮಿಯಲ್ಲೂ ಇದೆ. ಅಲ್ಲಿಯ ಮೂರನೆಯ ಗುಹೆಯನ್ನು ಚಾಲುಕ್ಯರ ಮಂಗಳೇಶ ಮಾಡಿಸಿದ್ದು ಕ್ರಿ.ಶ. 578ರಲ್ಲಿ. ಒಂದೇ ಬಂಡೆಯಲ್ಲಿ ಕೊರೆದ ಗುಹೆಗೆ ತೊಲೆಯ ಆಸರೆ ಬೇಕಿಲ್ಲ. ಆದರೂ ತೊಲೆ ಕೊರೆದಿದ್ದಾರೆ, ಅದರಡಿ ಬೋದಿಗೆ ಕೊರೆದಿದ್ದಾರೆ. ಅವರ ಕಣ್ಣಿಗೆ ಮನೆಯೆಂದರೆ ಮರದ ಮನೆ. ಆ ಕಾಲದ ಮರವೆಲ್ಲ ಮಣ್ಣಾಯಿತು, ಬಡಿಗೇರರ ಲೆಕ್ಕಾಚಾರ ಕಲ್ಲಿನಲ್ಲಿ ಉಳಿಯಿತು. ಚಾಲುಕ್ಯರ ಕಲ್ಲುಕುಟಿಗರನ್ನು ಹೊಗಳುವವರು ಅವರ ಹಿಂದಿದ್ದ ಬಡಿಗೇರರನ್ನು ನೆನೆಯುವುದು ಕಡಿಮೆ. ಅದು ನನಗೆ ಸರಿಕಾಣುವುದಿಲ್ಲ.

ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತಿದೆ. ಏರಿದರೆ ಇನ್ನಷ್ಟು ಹಳೆಯ ಮನೆಗಳು ಬೀಳುತ್ತವೆ. ಅಲ್ಲಿಯವರಲ್ಲಿ ನನ್ನದೊಂದೇ ವಿನಂತಿ: ಜೆಸಿಬಿ ಬರುವ ಮೊದಲು ಒಬ್ಬ ಬಡಿಗೇರನನ್ನು ಕರೆಸಿ, ಕಪಾಟಿನ ಬೆಣೆ ತೆಗೆಸಿರಿ.